ಹೊಗೆ ಬಚ್ಚಿಟ್ಟವರ ಅಡುಗೆ

ಇವತ್ತು ಬೆಳಿಗ್ಗೆ ಸಾರಿನ ಪುಡಿಗೆ ಕಾಳುಮೆಣಸು ಹುರಿಯಲು ಹೋಗಿ ತಪ್ಪು ಡಬ್ಬಿಗೆ ಕೈ ಹಾಕಿದೆ. ಬಾಣಲೆ ಕಾದ ಮೇಲೆ ಎದ್ದ ವಾಸನೆ ಮೆಣಸಿನದಲ್ಲ. ಲವಂಗ ಎನ್ನೋಣವೆಂದರೆ ಲವಂಗವಲ್ಲ, ಚಕ್ಕೆ ಎನ್ನೋಣವೆಂದರೆ ಚಕ್ಕೆಯಲ್ಲ, ಜಾಯಿಕಾಯಿಯೂ ಅಲ್ಲ, ಆದರೆ ಮೂರೂ ಅದರೊಳಗೆ ಮಲಗಿರುವ ಹಾಗಿದೆ. ಅದು ಆಲ್‌ಸ್ಪೈಸ್. ನಮ್ಮ ಕಡೆ ಕೆಲವರು ಹಿತ್ತಲಲ್ಲಿ ಸರ್ವಸಾಂಬಾರು ಎಂದು ಒಂದು ಗಿಡ ನೆಟ್ಟುಕೊಂಡು ಅದರ ಎಲೆಯನ್ನು ಪಲಾವಿಗೆ ಹಾಕುತ್ತಾರಲ್ಲ, ಅದರದೇ ಒಣಗಿದ ಕಾಯಿ. ಜಮೈಕಾದವರ ಬಾಯಲ್ಲಿ ಅದು ಪಿಮೆಂಟೊ. ಹುರಿದದ್ದನ್ನು ಎಸೆಯಲು ಮನಸ್ಸಾಗದೆ ಅದರಲ್ಲೇ ಸಾರು ಮಾಡಿದೆ. ಗಂಡ ಒಂದು ತುತ್ತು ತಿಂದು, "ಸಾರು ಕ್ಲೈವ್ ಅಂಕಲ್ ಹಿತ್ತಲಿನ ಥರ ಇದೆ ಕಣೆ" ಎಂದರು. ಸಾರಿಗೆ ಇದು ಹೊಗಳಿಕೆಯೋ ಅಲ್ಲವೋ ನೀವೇ ಹೇಳಿ. ನಾನಂತೂ ಅವರ ತಟ್ಟೆಗೆ ಇನ್ನೊಂದು ಸೌಟು ಬಡಿಸಿದೆ.

ಕ್ಲೈವ್ ಅಂಕಲ್ ನಮ್ಮ ಪಕ್ಕದ ಮನೆಯವರು. ನಾವು ಬಂದು ನೆಲೆಸಿರುವ ಈ ಪರದೇಶದ ಒನೆಹುಂಗಾ ಎಂಬ ಬಡಾವಣೆಯಲ್ಲಿ ನಮ್ಮಿಬ್ಬರ ಮನೆಗಳ ನಡುವೆ ಸೊಂಟದೆತ್ತರದ ಒಂದು ಮರದ ಬೇಲಿ. ಜಮೈಕಾದಲ್ಲಿ ಹುಟ್ಟಿ, ಹರೆಯದಲ್ಲಿ ಹಡಗಿನ ಕೆಲಸಕ್ಕೆ ಸೇರಿ, ಯಾವ ಯಾವುದೋ ಬಂದರು ಸುತ್ತಿ, ಇಲ್ಲಿ ಇಳಿದವರು ಇಲ್ಲೇ ವೆಲ್ಡರ್ ಆಗಿ ನಿವೃತ್ತರಾದರು. ಹೆಂಡತಿ ತೀರಿಕೊಂಡಿದ್ದಾರೆ, ಮಕ್ಕಳಿಲ್ಲ. ಹಿತ್ತಲಿನಲ್ಲಿ ಅವರೇ ಕೈಯಾರೆ ಉದ್ದಕ್ಕೆ ಸೀಳಿ, ಕೀಲು ಕೂರಿಸಿ, ಕಾಲು ಬೆಸೆದ ಒಂದು ಎಣ್ಣೆಯ ಡ್ರಮ್ಮಿದೆ. ಕೆಳಗಿನ ಅರ್ಧ ಒಲೆ, ಮೇಲಿನ ಅರ್ಧ ಮುಚ್ಚಳ. ಶನಿವಾರವೆಂದರೆ ಅದರಲ್ಲಿ ಜರ್ಕ್ ಕೋಳಿ, ಅಂದರೆ ಖಾರದ ಮಸಾಲೆ ತಿಕ್ಕಿ ಹೊಗೆಯಲ್ಲಿ ಬೇಯಿಸುವ ಅವರೂರಿನ ಕೋಳಿ. ಅವರ ಇಂಗ್ಲಿಷ್ ಮಾತಿನ ಕಡೆಯಲ್ಲಿ ಒಂದು ರಾಗವಿದೆ. ಮೊದಮೊದಲು ನನಗೆ ಅರ್ಧ ಅರ್ಥವಾಗುತ್ತಿತ್ತು, ಉಳಿದರ್ಧಕ್ಕೆ ನಗುತ್ತಿದ್ದೆ. ಇಲ್ಲಿ ಅವರ ಮಾತನ್ನು ನನ್ನ ಕನ್ನಡದಲ್ಲೇ ಹೇಳಿಬಿಡುತ್ತೇನೆ.

ನಮ್ಮ ಮೊದಲ ಭೇಟಿ ನೆನೆದರೆ ಈಗಲೂ ಮುಖ ಮುಚ್ಚಿಕೊಳ್ಳಬೇಕು ಅನಿಸುತ್ತದೆ. ನಾನು ಆಸ್ಪತ್ರೆಯಲ್ಲಿ ನರ್ಸ್. ನೈಟ್ ಡ್ಯೂಟಿ ಮುಗಿಸಿ ಬಂದು ಹಗಲೆಲ್ಲ ಪರದೆ ಎಳೆದುಕೊಂಡು ಮಲಗುವವಳು. ಹಗಲು ನಿದ್ದೆ ಎಂಥದ್ದೆಂದು ಆ ಕೆಲಸ ಮಾಡಿದವರಿಗೆ ಗೊತ್ತು: ಯಾವ ದೇಶ, ಯಾವ ವಯಸ್ಸು ಒಂದೂ ನೆಟ್ಟಗಿರುವುದಿಲ್ಲ. ಆ ಶನಿವಾರ ನಾನು ಮದ್ದೂರಿನ ಹತ್ತಿರ ನಮ್ಮಜ್ಜಿಯ ಊರಿನ ಬಚ್ಚಲಿನಲ್ಲಿದ್ದೆ. ಹಂಡೆಯ ಕೆಳಗೆ ತೆಂಗಿನ ಮಟ್ಟೆ ಉರಿಯುತ್ತಿತ್ತು. ಅಜ್ಜಿ ಕೆಂಡದೊಳಗೆ ಗೆಣಸು ತೂರಿಸುತ್ತ, "ಎದ್ದೇಳವ್ವಾ, ನೀರು ಕಾಯ್ತು" ಅನ್ನುತ್ತಿದ್ದಳು. ಎದ್ದೆ. ಎದ್ದರೂ ಹೊಗೆ ಹೋಗಲಿಲ್ಲ. ಕಿಟಕಿಯಿಂದ ನಿಜವಾದ ಹೊಗೆ ಒಳಗೆ ಬರುತ್ತಿತ್ತು. ಪಕ್ಕದ ಮನೆಗೆ ಬೆಂಕಿ ಬಿದ್ದಿದೆ ಎಂದು ನೈಟಿಯಲ್ಲೇ ಬಕೆಟ್ ನೀರು ಹೊತ್ತು ಓಡಿದೆ. ಡ್ರಮ್ಮಿನ ಮುಂದೆ ಮುದುಕರೊಬ್ಬರು ಎರಡೂ ಕೈ ಅಗಲಿಸಿ ಅಡ್ಡ ನಿಂತರು.

"ಅಮ್ಮಾ ತಾಯಿ, ನೀರು ನನ್ನ ಮೇಲೆ ಬೇಕಾದರೆ ಸುರಿ" ಎಂದರು. "ಇದರ ಮೇಲೆ ಬೇಡ."

ಬಕೆಟ್ಟನ್ನು ಅವರ ಮೆಣಸಿನ ಗಿಡಗಳಿಗೆ ಸುರಿದು ಮಾನ ಉಳಿಸಿಕೊಂಡೆ. ಸಂಜೆ ಬೇಲಿಯ ಮೇಲಿಂದ ಒಂದು ತಟ್ಟೆ ಬಂತು. ಆ ಗಿಡದ ಮೆಣಸಿನಕಾಯಿ ನೋಡಲು ಪುಟಾಣಿ ಕುಂಬಳಕಾಯಿ, ಬುಡ ಅಗಲ, ಬಣ್ಣ ಹಳದಿ, ಬುದ್ಧಿ ಮಾತ್ರ ಕೆಟ್ಟದ್ದು. ಗುಂಟೂರು ಮೆಣಸಿನಕಾಯಿ ತಿಂದು ಬೆಳೆದ ಜಂಬದಲ್ಲಿ ನಾನು ಕೋಳಿಯ ದೊಡ್ಡ ತುಂಡನ್ನೇ ಬಾಯಿಗೆ ಹಾಕಿಕೊಂಡೆ. ಮೊದಲು ಸಿಹಿ, ಆಮೇಲೆ ಶುಂಠಿ, ಈರುಳ್ಳಿ ಸೊಪ್ಪು, ನಿಂಬೆ, ಹೊಗೆ, ಕೊನೆಗೆ ಕಣ್ಣೆದುರು ಅಜ್ಜಿ. ಗಂಡ ಫ್ರಿಜ್ಜಿನಿಂದ ಮೊಸರು ತಂದು ಕೊಡುವವರೆಗೆ ನಾನು ಮಾತಾಡಲಿಲ್ಲ. ನಮ್ಮ ಮದುವೆಯಾದ ಮೇಲೆ ಅಷ್ಟು ಹೊತ್ತು ಮೌನವಾಗಿದ್ದದ್ದು ಅದೇ ಮೊದಲು ಎಂದು ಅವರು ಇವತ್ತಿಗೂ ಹೇಳಿಕೊಂಡು ತಿರುಗುತ್ತಾರೆ.

ಆಮೇಲೆ ಶನಿವಾರಗಳು ರೂಢಿಯಾದವು. ಕ್ಲೈವ್ ಅಂಕಲ್ ಜೊತೆ ನೆಮ್ಮದಿಯಾಗಿ ಮಾತಾಡಬೇಕೆಂದರೆ ಆವತ್ತೇ ಹೋಗಬೇಕು, ಯಾಕೆಂದರೆ ಅವರು ಎದ್ದು ಹೋಗುವಂತಿಲ್ಲ. ಅವರಮ್ಮ ಕಲಿಸಿದ ನೇಮ ಅದು. ಬೆಂಕಿ ಹಚ್ಚಿದವರೇ ಅದರ ಪಕ್ಕ ಕೂರಬೇಕು, ಕೋಳಿ ಬೇಯುವವರೆಗೂ ಏಳಬಾರದು. ಫೋನ್ ಬಡಿದುಕೊಂಡರೆ ಬಡಿದುಕೊಳ್ಳಲಿ. ಮಳೆ ಬಂದರೆ ಛತ್ರಿ ಹಿಡಿಯುತ್ತಾರೆ, ತಮಗಲ್ಲ, ಡ್ರಮ್ಮಿಗೆ. ಒಂದು ಸಲ ರಸ್ತೆಯಲ್ಲಿ ಯಾರದೋ ಯೂಟ್, ಅಂದರೆ ಪಿಕಪ್ ಗಾಡಿ, ಬಂದು ಅವರ ಗೇಟಿಗೇ ಗುದ್ದಿತು. ಕೂತಲ್ಲಿಂದಲೇ ಕತ್ತು ಉದ್ದ ಮಾಡಿ, "ನರ್ಸ್, ಯಾರಿಗಾದರೂ ಪೆಟ್ಟಾಯಿತಾ ನೋಡು" ಎಂದರು. ಇಲ್ಲವೆಂದೆ. "ಹಾಗಾದರೆ ಸಂಜೆ ಬರಲು ಹೇಳು" ಎಂದು ಇಕ್ಕಳದಿಂದ ಕೆಂಡ ಸರಿಸಿದರು.

ಜಮೈಕಾ ಎಂದರೆ ನನಗೆ ಗೊತ್ತಿದ್ದದ್ದು ನಮ್ಮಣ್ಣ ರೇಡಿಯೋಗೆ ಕಿವಿಯಿಟ್ಟು ಬೈಯುತ್ತಿದ್ದ ವೇಗದ ಬೌಲರ್‌ಗಳು ಮಾತ್ರ. ಆ ಹೊಗೆಯ ಪಕ್ಕ ಕೂತು ಕೂತು ಉಳಿದದ್ದು ತಿಳಿಯಿತು. ಆ ದ್ವೀಪದ ಮೂಲನಿವಾಸಿಗಳಾದ ಟೈನೊ ಜನ ಹಸಿ ಕೋಲುಗಳ ಅಟ್ಟ ಕಟ್ಟಿ ಮಾಂಸವನ್ನು ಹೊಗೆಯಲ್ಲಿ ಬೇಯಿಸುತ್ತಿದ್ದರಂತೆ. ಆಮೇಲೆ ಬಿಳಿಯರು ಕಬ್ಬಿನ ತೋಟಗಳಿಗೆಂದು ಆಫ್ರಿಕಾದಿಂದ ಜನರನ್ನು ಸರಪಳಿ ಹಾಕಿ ತಂದರು. ಅವರಲ್ಲಿ ಕೆಲವರು ತಪ್ಪಿಸಿಕೊಂಡು ಬೆಟ್ಟ ಹತ್ತಿದರು. ಅವರಿಗೆ ಮರೂನರು ಎಂದು ಹೆಸರು. ಬೆಟ್ಟದಲ್ಲಿ ಕಾಡುಹಂದಿ ಇತ್ತು, ಪಿಮೆಂಟೊ ಮರ ಇತ್ತು, ಖಾರದ ಕಾಯಿ ಇತ್ತು. ಕೆಳಗೆ ಬಂದೂಕು ಹಿಡಿದು ಹುಡುಕುವ ಸಿಪಾಯಿಗಳೂ ಇದ್ದರು. ಹೊಗೆ ಕಂಡರೆ ಪ್ರಾಣ ಹೋಯಿತು. ಅದಕ್ಕೆ ಗುಂಡಿ ತೋಡಿ, ಕೆಂಡ ಹಾಕಿ, ಮಸಾಲೆ ತಿಕ್ಕಿದ ಮಾಂಸವನ್ನಿಟ್ಟು, ಮೇಲೆ ಎಲೆ ಮಣ್ಣು ಮುಚ್ಚಿ ಬೇಯಿಸುವುದನ್ನು ಕಲಿತರು. ಉರಿ ಮೇಲೆ ಬರಬಾರದು, ಹೊಗೆ ಆಚೆ ಹೋಗಬಾರದು, ಒಳಗೇ ಸುತ್ತಬೇಕು.

"ಈಗ ಯಾರೂ ಹುಡುಕುವವರಿಲ್ಲ" ಎಂದೆ ಒಂದು ದಿನ. "ಈಗಲೂ ಯಾಕೆ ಮುಚ್ಚುತ್ತೀರಿ?"

"ರುಚಿ ಅಲ್ಲೇ ಉಳಿದುಬಿಟ್ಟಿದೆ ನರ್ಸ್" ಎಂದರು. "ಬಚ್ಚಿಟ್ಟುಕೊಂಡವರ ನಾಲಗೆ ನಮ್ಮದು."

ಪಿಮೆಂಟೊ ಕಟ್ಟಿಗೆ ಈ ದೇಶದಲ್ಲಿ ಸಿಗುವುದಿಲ್ಲ. ಅವರು ಇಲ್ಲಿಯ ಮಾನುಕಾ ಮರದ ಕಟ್ಟಿಗೆಯ ಮೇಲೆ ನೆನೆಸಿದ ಪಿಮೆಂಟೊ ಕಾಯಿ ಚೆಲ್ಲಿ ಸಮಾಧಾನ ಮಾಡಿಕೊಳ್ಳುತ್ತಾರೆ. ನಾನು ನಮ್ಮೂರಿನ ಬದನೆಕಾಯಿ ಸಿಗದೆ ಇದ್ದದ್ದರಲ್ಲೇ ಹುಳಿ ಮಾಡುವವಳು, ಈ ಸಮಾಧಾನ ನನಗೂ ಗೊತ್ತು. ಕನ್ನಡ ಕೂಟದ ಊಟಕ್ಕೆ ಒಮ್ಮೆ ಅವರ ಕೋಳಿಯನ್ನೇ ಒಯ್ದಿದ್ದೆ. ಎಲ್ಲರೂ ಚಪ್ಪರಿಸಿದರು. ಮೈಸೂರಿನ ಹಿರಿಯರೊಬ್ಬರು ಮಾತ್ರ ಮೂಳೆ ಚೀಪುತ್ತ ಬಹಳ ಯೋಚನೆ ಮಾಡಿ, "ಒಂದು ಹಿಡಿ ತೆಂಗಿನಕಾಯಿ ರುಬ್ಬಿ ಹಾಕಿದ್ರೆ ಎಲ್ಲೋ ಹೋಗಿರೋದಮ್ಮಾ" ಎಂದರು.

ಆ ಹಿತ್ತಲಿನಲ್ಲಿ ಅರೆನಿದ್ದೆಯಲ್ಲಿ ಕೂತಿದ್ದಾಗಲೆಲ್ಲ ನನಗೆ ಅಜ್ಜಿಯ ಊರಿನ ಬೆಳಗು ತೇಲಿ ಬರುತ್ತಿತ್ತು. ನಮ್ಮಲ್ಲಿ ಹೊಗೆ ಕಂಡರೇ ನೆಮ್ಮದಿ. ಅಜ್ಜಿ ಎದ್ದು ಬಾಗಿಲಿಗೆ ನೀರು ಹಾಕಿ, ಬೀದಿಯ ಉದ್ದಕ್ಕೂ ಮಾಡುಗಳನ್ನು ನೋಡುತ್ತಿದ್ದಳು. ಯಾವುದಾದರೂ ಮಾಡಿನ ಮೇಲೆ ಹೊಗೆ ಏಳದಿದ್ದರೆ, "ಅವರ ಮನೇಲಿ ಇನ್ನೂ ಒಲೆ ಹತ್ತಿಲ್ವಲ್ಲ" ಎಂದು ಏನೋ ನೆಪ ಮಾಡಿಕೊಂಡು ಒಂದು ಪಾತ್ರೆ ಮುಚ್ಚಿಕೊಂಡು ಹೋಗುತ್ತಿದ್ದಳು. ಒಲೆಯೊಳಗೆ ಮಾತ್ರ ಹೊಗೆ ನಿಲ್ಲುವಂತಿರಲಿಲ್ಲ. ಊದುಗೊಳವೆಯಿಂದ ಊದಿ ಊದಿ ಉರಿ ಎಬ್ಬಿಸದ ಸೊಸೆಯನ್ನು ಕೈಲಾಗದವಳು ಎನ್ನುತ್ತಿದ್ದರು. ಇನ್ನು ಕೋಳಿಯ ವಿಷಯ ಕೇಳಲೇಬೇಡಿ. ಪುಕ್ಕ ಕಿತ್ತು, ಅರಿಸಿನ ಸವರಿ, ಒಣಗಿದ ತೆಂಗಿನ ಗರಿಯ ಬೆಂಕಿಯಲ್ಲಿ ನಾಲ್ಕೂ ಕಡೆ ತಿರುಗಿಸಿ ಸುಟ್ಟ ಮೇಲೇ ಅದು ಕತ್ತಿಗೆ ಬರುವುದು. ನಮ್ಮವ್ವ ಆ ಮನೆಯ ಸೊಸೆ.

ಅವ್ವ ಮಂಡ್ಯದಲ್ಲಿ ಅಣ್ಣನ ಜೊತೆ ಇರುತ್ತಾಳೆ. ಹೋದ ಬೇಸಿಗೆಗೆ ಇಲ್ಲಿಗೆ ಬಂದಿದ್ದಳು. ಬಂದ ಮೊದಲ ಶನಿವಾರವೇ ಬೇಲಿಗೆ ಮೊಣಕೈ ಊರಿ ನಿಂತು ಕ್ಲೈವ್ ಅಂಕಲ್ ಅಡುಗೆಯನ್ನು ನೋಡಿದಳು.

"ಏನವ್ವಾ ಇದು? ಈವಯ್ಯ ಬೆಂಕಿ ಹಚ್ಚಿ ಮುಚ್ಚಿ ಮಡಗ್ತಾನಲ್ಲ! ಉಸುರು ಬುಡಕೂ ಜಾಗ ಬ್ಯಾಡ್ವಾ ಅದ್ಕೆ?"

"ಅಜ್ಜೀ, ಇಟ್ಸ್ ಕಾಲ್ಡ್ ಸ್ಲೋ ಕುಕಿಂಗ್" ಎಂದಳು ನನ್ನ ಮಗಳು. ಕನ್ನಡ ಎಲ್ಲ ಅರ್ಥವಾಗುತ್ತದೆ ಅವಳಿಗೆ, ಬಾಯಿಂದ ಬರುವುದು ಮಾತ್ರ ಇದು.

"ಅದೇನೋ ನಂಗೊತ್ತಿಲ್ಲ. ಉರಿ ಕಾಣ್ದಿರೋ ಕೋಳಿ ಬಾಯ್ಗೆ ಹತ್ತಕ್ಕಿಲ್ಲ."

ಹಾಗೆಂದವಳೇ ಸಂಜೆ ಎರಡು ತೊಡೆ ತಿಂದಳು. ಭಾಷೆಯ ಹಂಗಿಲ್ಲದೆ ಅವರಿಬ್ಬರಿಗೂ ಸ್ನೇಹವಾಯಿತು. ಅವ್ವ ಬೇಲಿಯ ಮೇಲಿಂದ ಮುದ್ದೆ ದಾಟಿಸುವುದು, ಅವರು ಅದನ್ನು ಅಗಿದು ಅಗಿದು ನುಂಗಲಾರದೆ ಕಣ್ಣು ಬಿಡುವುದು, ನುಂಗಬೇಕು ಅಗಿಯಬಾರದು ಎಂದು ಅವ್ವ ಗಂಟಲು ತೋರಿಸುವುದು. ನಾನು ಡ್ಯೂಟಿಯಿಂದ ಬಂದು ಕಿಟಕಿಯಲ್ಲಿ ಇದನ್ನು ನೋಡುತ್ತ ಹಾಗೇ ನಿದ್ದೆ ಹೋಗುತ್ತಿದ್ದೆ.

ಒಂದು ಶನಿವಾರ ಕ್ಲೈವ್ ಅಂಕಲ್ ಎಂದಿಲ್ಲದ ಹಾಗೆ ಬೇಕಿಲ್ಲದಿದ್ದರೂ ಕೆಂಡ ಕೆದಕುತ್ತ ಕೂತಿದ್ದರು. ಕೇಳಿದ್ದಕ್ಕೆ, "ಐವಿ ಬರುತ್ತಿದ್ದಾಳೆ" ಎಂದರು. ಐವಿ ಅವರ ಅಕ್ಕ, ಜಮೈಕಾದಲ್ಲೇ ಇರುವವರು. ಅಕ್ಕ ತಮ್ಮ ಮಾತು ಬಿಟ್ಟು ಎಷ್ಟೋ ವರ್ಷವಾಗಿತ್ತು. ಅವರಮ್ಮ ಸತ್ತ ಸುದ್ದಿ ಬಂದ ದಿನ ಇವರು ಇಲ್ಲೊಂದು ಜಾತ್ರೆಯಂಥ ಬೇಸಿಗೆ ಮೇಳದಲ್ಲಿ ಡ್ರಮ್ಮಿನ ಮುಂದೆ ನಿಂತಿದ್ದರಂತೆ. ಫೋನ್ ಇಟ್ಟು, ಮತ್ತೆ ಇಕ್ಕಳ ಹಿಡಿದು, ಸಂಜೆಯವರೆಗೂ ಕೋಳಿ ತಿರುಗಿಸಿದರಂತೆ. ಅಲ್ಲಿ ಸತ್ತವರ ಮನೆಯಲ್ಲಿ ಒಂಬತ್ತನೆಯ ರಾತ್ರಿ ನೆಂಟರಿಷ್ಟರೆಲ್ಲ ಸೇರಿ, ಉಂಡು, ಹಾಡಿ, ಜೀವವನ್ನು ಬೀಳ್ಕೊಡುವ ಪದ್ಧತಿ. ಐವಿ ಇವರಿಗಾಗಿ ಮಣ್ಣು ಮಾಡುವುದನ್ನೂ ಮುಂದೂಡಿ ಕಾದರು. ಇವರು ಹೋಗಲಿಲ್ಲ.

"ಯಾಕೆ ಹೋಗಲಿಲ್ಲ ಅಂಕಲ್?"

"ಬೆಂಕಿ ಬಿಟ್ಟು ಎದ್ದರೆ ಅಮ್ಮ ಸತ್ತದ್ದು ನಿಜವಾಗಿಬಿಡುತ್ತೆ ಅನ್ನಿಸಿತು" ಎಂದರು. "ಆಮೇಲೆ ಏಳುವುದಕ್ಕೇ ಆಗಲಿಲ್ಲ. ಐವಿ ಫೋನಿನಲ್ಲಿ ಒಂದೇ ಮಾತು ಹೇಳಿದಳು: ಅಮ್ಮನಿಗೋಸ್ಕರ ಆ ಡ್ರಮ್ಮು ಬಿಟ್ಟು ಬರದವನು ಅದರ ಜೊತೆಯಲ್ಲೇ ಇರು."

ಈಗ ಅವರೇ ಬರುತ್ತೇನೆ ಎಂದಿದ್ದರು. ಯಾಕೆಂದು ಹೇಳಿರಲಿಲ್ಲ. ವಯಸ್ಸಾಯಿತು, ನೀನಿರುವ ಜಾಗ ನೋಡಬೇಕು ಎಂದಷ್ಟೇ. ಕ್ಲೈವ್ ಅಂಕಲ್‌ಗೆ ಭಯ. ಅಮ್ಮನ ಕೈರುಚಿಯ ಜರ್ಕ್ ತಿನ್ನಿಸಿದರೆ ಅಕ್ಕನ ಮನಸ್ಸು ಕರಗಬಹುದು ಎಂಬುದೊಂದೇ ಆಸೆ. ಎರಡು ದಿನ ಮೊದಲೇ ಕೋಳಿಗೆ ಮಸಾಲೆ ತಿಕ್ಕಿಟ್ಟರು. ಏರ್‌ಪೋರ್ಟಿಗೆ ನಾನು ಹೋಗಬೇಕು, ಅವರು ಬೆಂಕಿಯ ಪಕ್ಕ ಇರಬೇಕು, ಐವಿ ಆಂಟಿ ಗೇಟು ತೆಗೆಯುವಾಗಲೇ ಅವರೂರಿನ ವಾಸನೆ ಮೂಗಿಗೆ ಬರಬೇಕು. ಅಕ್ಕನಿಗೂ ಹಾಗೆಯೇ ತಿಳಿಸಿದ್ದರು: ಪಕ್ಕದ ಮನೆಯ ನರ್ಸ್ ಬರುತ್ತಾಳೆ.

ಆ ದಿನ ಬೆಳಿಗ್ಗೆ ನಾನು ಕಾರು ಸ್ಟಾರ್ಟ್ ಮಾಡುವಷ್ಟರಲ್ಲಿ ಏಪ್ರನ್ ಕಟ್ಟಿಕೊಂಡೇ ಅವರು ಬಂದು ಕಿಟಕಿಗೆ ಬಗ್ಗಿದರು.

"ಅವಳ ಗುರುತು ಹೇಗೆ ಹಿಡೀತೀಯ?"

"ಫೋಟೋ ಕೊಟ್ಟಿದ್ದೀರಲ್ಲ."

"ಅದು ಹಳೇ ಫೋಟೋ."

ಹಿಂತಿರುಗಿ ಹಿತ್ತಲ ಕಡೆ ನೋಡಿದರು. ಮುಚ್ಚಳದ ಸಂದಿಯಿಂದ ನೂಲಿನಷ್ಟು ಹೊಗೆ ಏಳುತ್ತಿತ್ತು. ನಮ್ಮ ಮನೆಯ ಮೆಟ್ಟಿಲ ಮೇಲೆ ಅವ್ವ ಸೊಪ್ಪು ಬಿಡಿಸುತ್ತ ಕೂತಿದ್ದಳು. ಗಂಡ ಮಗಳನ್ನು ಕರೆದುಕೊಂಡು ಈಜಿಗೆ ಹೋಗಿದ್ದರು, ಬೇರೆ ಯಾರೂ ಇರಲಿಲ್ಲ. ಕ್ಲೈವ್ ಅಂಕಲ್ ಏಪ್ರನ್ ಬಿಚ್ಚಿದರು. ಇಕ್ಕಳವನ್ನು ಒಯ್ದು ಅವ್ವನ ಕೈಗೆ ಕೊಟ್ಟು, ಅಂಗೈ ಕೆಳಗೆ ಮಾಡಿ ಒತ್ತಿ ತೋರಿಸಿ, ತೆಗೆಯಬೇಡ ಎಂಬಂತೆ ಬೆರಳಾಡಿಸಿದರು. ನಾನೂ ಕಾರಿನಿಂದಲೇ, "ಅವ್ವಾ, ಮುಚ್ಚಳ ತೆಗೀಬ್ಯಾಡ, ಸುಮ್ನೆ ನೋಡ್ತಾ ಕೂತಿರು" ಎಂದು ಕೂಗಿದೆ.

"ಒಲೆ ನೋಡ್ಕಳದ ನಂಗೇಳ್ಕೊಡ್ತೀಯಾ? ಹೋಗ್ಬಾ ಹೋಗು" ಎಂದಳು ಅವ್ವ.

ಒನೆಹುಂಗಾದಿಂದ ಏರ್‌ಪೋರ್ಟ್ ದೂರವಿಲ್ಲ. ಆ ದಾರಿಯುದ್ದಕ್ಕೂ ಕ್ಲೈವ್ ಅಂಕಲ್ ನನ್ನ ಪಕ್ಕದ ಸೀಟಿನಲ್ಲಿ ತಮ್ಮ ಎರಡು ಕೈಗಳನ್ನು ಮೊಣಕಾಲ ಮೇಲಿಟ್ಟುಕೊಂಡು, ಅವನ್ನು ಏನು ಮಾಡಬೇಕೆಂದು ತಿಳಿಯದೆ ಕೂತಿದ್ದರು. ಐವಿ ಆಂಟಿ ಹೊರಬಂದಾಗ ಫೋಟೋ ಬೇಕಾಗಲಿಲ್ಲ. ಅದೇ ಹಣೆ, ಅದೇ ದವಡೆ, ತಲೆಯ ಮೇಲೊಂದು ಹುಲ್ಲಿನ ಹ್ಯಾಟು. ತಮ್ಮನನ್ನು ನೋಡಿ ತಳ್ಳುಗಾಡಿ ನಿಲ್ಲಿಸಿದರು. ಅಪ್ಪಿಕೊಳ್ಳಲಿಲ್ಲ. "ತೆಳ್ಳಗಾಗಿದ್ದೀಯ" ಎಂದರು. "ನೀನೂ" ಎಂದರು ಇವರು. ಕಾರಿನಲ್ಲಿ ವಿಮಾನದ ಊಟ ಚೆನ್ನಾಗಿರಲಿಲ್ಲವೆಂಬ ಬಗ್ಗೆ ಇಬ್ಬರಿಗೂ ಒಮ್ಮತವಿತ್ತು. ಮಾಂಗೆರೆ ಸೇತುವೆಯ ಮೇಲೆ ಬರುವಾಗ ಐವಿ ಆಂಟಿ ತಮ್ಮನ ಅಂಗಿಯ ಕಡೆ ಮೂಗು ತಿರುಗಿಸಿದರು.

"ಬೆಂಕಿ ಹಚ್ಚಿದ್ದೀಯ."

"ಹೂಂ."

"ಪಕ್ಕ ಯಾರಿದ್ದಾರೆ?"

"ಇವಳ ತಾಯಿ."

ಅವರು ಮುಖ ಆಚೆ ತಿರುಗಿಸಿದರು. ನೀರಿಳಿದು ಕೆಸರು ಹೊಳೆಯುತ್ತಿದ್ದ ಕಡಲನ್ನು ಮನೆ ಬರುವವರೆಗೂ ನೋಡುತ್ತಲೇ ಇದ್ದರು. ಸಿಟ್ಟೇ ಎಂದುಕೊಂಡು ನಾನು ಗೇರು ಬದಲಿಸುವುದಕ್ಕೂ ಹೆದರಿದೆ.

ನಮ್ಮ ರಸ್ತೆಗೆ ತಿರುಗುತ್ತಲೇ ವಾಸನೆ ಬಂತು. ಆದರೆ ಅದು ಬರಬೇಕಾದ ವಾಸನೆಯಲ್ಲ. ಹಿತ್ತಲಿಗೆ ಓಡಿದರೆ ಡ್ರಮ್ಮಿನ ಮುಚ್ಚಳ ಪೂರಾ ತೆರೆದಿದೆ, ಉರಿ ಆಳೆತ್ತರಕ್ಕೆ ಎದ್ದಿದೆ. ನಮ್ಮವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿ, ನಮ್ಮ ಮನೆಯ ವ್ಯಾಕ್ಯೂಮ್ ಕ್ಲೀನರಿನ ಕೊಳವೆಯನ್ನು ಬಿಚ್ಚಿ ತಂದು ಬಾಯಿಗಿಟ್ಟುಕೊಂಡು ಕೆನ್ನೆಯುಬ್ಬಿಸಿ ಊದುತ್ತಿದ್ದಾಳೆ. ನಮ್ಮನ್ನು ನೋಡಿ ಅವಳ ಮುಖವೂ ಬೆಳಗಿತು.

"ಬಂದ್ರಾ? ಹೊಗೆ ಸುತ್ಕಂಡು ಉಸುರು ಕಟ್ಬುಟ್ಟಿತ್ತು ಕಣವ್ವ ಬೆಂಕಿಗೆ! ಕೋಳಿಯೆಲ್ಲ ಪಚಪಚ ಅಂತಿತ್ತು. ಈಗ ನೋಡು, ಎಂಗೆ ಉರೀತಾ ಅದೆ!"

ಕ್ಲೈವ್ ಅಂಕಲ್ ಕೊಳಾಯಿ ನೀರು ಚಿಮುಕಿಸಿ ಉರಿ ತಗ್ಗಿಸಿದರು. ಕೋಳಿ ಇದ್ದಿಲಾಗಿತ್ತು. ದೊಡ್ಡ ತುಂಡೊಂದನ್ನು ಕತ್ತರಿಸಿದರೆ ಒಳಗೆ ಕೆಂಪಗೆ ಹಸಿ. ಎರಡು ದಿನದ ಮಸಾಲೆ, ಎಷ್ಟೋ ವರ್ಷದ ಆಸೆ. ಅವರು ಬೈಯಲಿಲ್ಲ, ಆ ತುಂಡನ್ನು ಪಕ್ಕಕ್ಕಿಟ್ಟರು. ನನಗೆ ಅಳು ಬಂದುಬಿಟ್ಟಿತು. ಅವ್ವ ಮೂವರ ಮುಖವನ್ನೂ ನೋಡಿದಳು. ನಿಧಾನಕ್ಕೆ ಕೊಳವೆ ಕೆಳಗಿಟ್ಟು, ಮಸಿ ಕೈಗಳಿಂದ ಎರಡೂ ಕಿವಿ ಹಿಡಿದುಕೊಂಡಳು.

ಐವಿ ಆಂಟಿ ಹ್ಯಾಟು ತೆಗೆದು ಹುಲ್ಲಿನ ಮೇಲಿಟ್ಟರು. ಡ್ರಮ್ಮಿನ ಹತ್ತಿರ ಹೋಗಿ ಒಳಗೆ ಇಣುಕಿದರು.

"ನೀನು ಬಿಟ್ಟು ಬಂದೆ" ಎಂದರು ತಮ್ಮನಿಗೆ.

"ಬಿಟ್ಟು ಬಂದೆ."

"ನಾನು ಟ್ಯಾಕ್ಸಿಯಲ್ಲಾದರೂ ಬರುತ್ತಿದ್ದೆ. ಈ ಹುಡುಗಿ ಬರುತ್ತಾಳೆ ಅಂತ ನೀನೇ ಹೇಳಿದ್ದೆ."

"ಹೂಂ."

"ಆದರೂ ನೀನು ಎದ್ದು ಬಂದೆ."

ಅವರು ತಲೆಯೆತ್ತಲಿಲ್ಲ. ಐವಿ ಆಂಟಿ ಬರಿಗೈಯಲ್ಲೇ ಒಂದು ರೆಕ್ಕೆ ಎತ್ತಿಕೊಂಡರು. ರೆಕ್ಕೆ ತೆಳು, ಹಾಗಾಗಿ ಅದು ಒಳಗೂ ಬೆಂದಿತ್ತು. ಬೆಂದಿತ್ತು ಎನ್ನುವುದಕ್ಕಿಂತ ಸುಟ್ಟಿತ್ತು. ಅದನ್ನು ಕಚ್ಚಿ, ನಿಧಾನವಾಗಿ, ಕರಕಲನ್ನೂ ಬಿಡದೆ ತಿಂದರು. ಮೂಳೆಯನ್ನು ಕೊನೆಯವರೆಗೂ ಚೀಪಿ, ಕೈಯಲ್ಲೇ ಇಟ್ಟುಕೊಂಡು, ಇನ್ನೊಂದು ಕೈಯನ್ನು ತಮ್ಮನ ಮುಂದೆ ಚಾಚಿ ಏನೋ ಅಂದರು. ಕ್ಲೈವ್ ಅಂಕಲ್ ಆ ಕೈಯನ್ನು ಹಿಡಿದುಕೊಂಡು ನಿಂತುಬಿಟ್ಟರು.

ಅವ್ವ ಕಿವಿ ಬಿಟ್ಟಿರಲಿಲ್ಲ. ಹತ್ತಿರ ಸರಿದು ಮೆಲ್ಲಗೆ ಕೇಳಿದಳು: "ಏನಂದ್ರವ್ವಾ? ಎಲ್ಲಾ ಹಾಳಾಗೋಯ್ತು ಅಂದ್ರಾ?"

"ಇಲ್ಲ ಕಣವ್ವ" ಎಂದೆ. "ಇನ್ನೊಂದು ಬೇಕಂತೆ."